ನನ್ನ ವಿಠ್ಠಲನ ಚಿತ್ರ ಟೀ-ಶರ್ಟ್ ಮ್ಯಾಲೆ: ಕಾಪಿರೈಟ್ ಹಿಡದು ಬಡಿದಾಡಲೋ, ಬಿಡಲೋ?

ಸಿಂಹಗಡ್ ರೋಡ್ ಚಿತ್ರಗಾರ್ತಿ:

ನಾ ಧಾರವಾಡದಾಕಿ, ಪುಣೆಗೆ ಬಂದು 11 ವರ್ಷ ಆತು. ಐಪ್ಯಾಡ್‌ನಾಗ ಚಿತ್ರ ತಗಿಯೋದೇ ನನ್ನ ಉದ್ಯೋಗ. ಹೋದ ವರ್ಷ ಪಂಢರಪುರಕ್ಕ ನಡಕೊಂತ ಹೋಗೋ ಭಕ್ತರ (ವಾರಕರಿಗಳ) ಆಳಂದಿ ಪಾಲಕಿ ಬಂದಾಗ ಒಂದು ಚಿತ್ರ ತಗದು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದೆ. ಇಟ್ಟಂಗಿ ಮ್ಯಾಲೆ ನಿಂತ ವಿಠ್ಠಲ, ಬಾಜೂಕ ಛತ್ರಿ ಹಿಡದ ವಾರಕರಿ ಮುದುಕಿ. ಆ ಮುದುಕಿ ನಮ್ಮಜ್ಜಿ. ಮೂಗುತಿ, ಇಳಕಲ್ ಸೀರಿ, ನಿಲ್ಲೋ ಠೀವಿ ಎಲ್ಲಾ ಆಕಿದು. 26 ತಾಸು ಹಿಡೀತು.

ಈ ವರ್ಷ ತುಳಶೀಬಾಗಕ್ಕ ಬಳಿ ತರಲಿಕ್ಕೆ ಹೋದ್ರ, ಒಂದು ಅಂಗಡ್ಯಾಗ ಅದೇ ಚಿತ್ರ ಟೀ-ಶರ್ಟ್ ಮ್ಯಾಲೆ ತೂಗಾಡಲಿಕತ್ತಿತ್ತು. 349 ರೂಪಾಯಿ. ನನ್ನ ಸಹಿ ಅಳಿಸ್ಯಾರ. ಆದ್ರ ವಿಠ್ಠಲನ ಬಲಗಿವಿ ಮೀನಿನ ಕುಂಡಲಕ್ಕ ನಾ ಬಾಲ ಬರಿಯೋದು ಮರತಿದ್ದೆ. ಅಲ್ಲೂ ಬಾಲ ಇಲ್ಲ. ಮನಿಗೆ ಬಂದು ಹುಡುಕಿದ್ರ, ಒಂದು ದೊಡ್ಡ ಆನ್‌ಲೈನ್ ಮಳಿಗ್ಯಾಗ ಮೂರು ಮಂದಿ ಮಾರಲಿಕತ್ತಾರ.

‘ವಿಠ್ಠಲ ಏನು ನಿಮ್ಮಪ್ಪನ ಆಸ್ತಿ ಏನವಾ, ಬಿಡು’ ಅಂತಾರ ನಮ್ಮ ಅತ್ತಿಯವರು. ವಿಠ್ಠಲ ಎಲ್ಲಾರಾಂವ, ಒಪ್ಪಿದೆ. ಅಜ್ಜಿ ನನ್ನಾಕಿ. ವಕೀಲರ ಫೀ ಕೇಳಿದ್ರ ನನ್ನ ಎರಡು ತಿಂಗಳ ಗಳಿಕಿ ಆಗತದ. ಯಾರರೆ ಈ ದಾರಿ ತುಳದೀರೇನು?

ಮಾಟುಂಗಾ ಗುಮಾಸ್ತ:

ಅಕ್ಕಾ, ಮುಂಬೈ ಫೋರ್ಟ್‌ನ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾಗಿದ್ದೇನೆ. ನಿಮ್ಮ ಅತ್ತೆ ಹೇಳಿದ್ದರಲ್ಲಿ ಅರ್ಧ ಸರಿ. ಸೊಂಟದ ಮೇಲೆ ಕೈಯಿಟ್ಟ ವಿಠ್ಠಲನ ಕಲ್ಪನೆ ಯಾರದೂ ಅಲ್ಲ. ನೀವು ಎಳೆದ ಗೆರೆ, ಹಾಕಿದ ಬಣ್ಣ ನಿಮ್ಮದು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದ ಗಳಿಗೆಯಿಂದಲೇ ಹಕ್ಕು ನಿಮಗೆ, ನಿಮ್ಮ ನಂತರವೂ 60 ವರ್ಷ. ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿದರೆ ಕೋರ್ಟಿನಲ್ಲಿ ಸಾಕ್ಷಿಗೆ ಬಲ. ಕಲಾಕೃತಿಗೆ 500 ರೂಪಾಯಿ, ಸರಕಿನ ಮೇಲೆ ಬಳಸುವಂಥದ್ದಾದರೆ 2000.

ಮೊದಲು ಆ ಮಳಿಗೆಯದೇ ದೂರಿನ ಫಾರಂ ತುಂಬಿ. ಅದಕ್ಕೆ ಖರ್ಚಿಲ್ಲ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಡಿ ನೋಟಿಸ್ ಕೊಟ್ಟರೆ ಮಳಿಗೆಯವರು 36 ಗಂಟೆಯೊಳಗೆ ತೆಗೆಯಬೇಕು, ನಿಜ. ಆದರೆ ದಾವೆ ಹೂಡುತ್ತೇನೆಂದು ಆ ನೋಟಿಸಿನಲ್ಲೇ ಬರೆದುಕೊಡಬೇಕು, 21 ದಿನದಲ್ಲಿ ಕೋರ್ಟಿನ ಆದೇಶ ತಂದು ತೋರಿಸಬೇಕು. ತರದಿದ್ದರೆ ಅವರು ಮತ್ತೆ ಹಾಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ನೋಟಿಸ್ ಕಳಿಸಿ ಕೈಕಟ್ಟಿ ಕೂರುತ್ತಾರೆ.

ದಾವೆಯೇ ಬೇಕೆಂದರೆ ಮಾರುವವನ ಊರಿಗೆ ಅಲೆಯಬೇಕಿಲ್ಲ. ಕಾಯ್ದೆಯ 62ನೇ ಕಲಂ ಪ್ರಕಾರ ನೀವಿರುವ ಪುಣೆಯಲ್ಲೇ ಹೂಡಬಹುದು. ಪೊಲೀಸ್ ದಾರಿಯೂ ಇದೆ. ಗೊತ್ತಿದ್ದೂ ಕಾಪಿರೈಟ್ ಮುರಿಯುವ 63ನೇ ಕಲಮಿನ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ತುಳಶೀಬಾಗದ ಅಂಗಡಿಯವನ ಮೇಲೆ ಅದನ್ನು ಬಳಸಬೇಡಿ ಅಂತ ನನ್ನ ವಿನಂತಿ. ಅವನು ಹೋಲ್‌ಸೇಲ್‌ನಲ್ಲಿ ಕೊಂಡು ತಂದವನು.

ಭೋಸರಿ ಪ್ರಿಂಟಿಂಗ್:

ಅಕ್ಕಾರ, ನಂದು ಟೀ-ಶರ್ಟ್ ಪ್ರಿಂಟಿಂಗ್ ಕೆಲಸ. ಗಿರಾಕಿ ಪೆನ್‌ಡ್ರೈವ್ ತರತಾನ, ಚಿತ್ರ ಯಾರದು ಅಂತ ನಾವು ಕೇಳಂಗಿಲ್ಲ. ಕೇಳಬೇಕು, ನಿಮ್ಮದು ಓದಿ ಹಂಗ ಅನಸ್ತು. ಒಂದು ಮಾತು ಹೇಳ್ರಿ: ಪ್ರಿಂಟ್ ಚೊಕ್ಕ ಬಂದಿತ್ತೇನು? ಇನ್‌ಸ್ಟಾಗ್ರಾಮ್‌ನ 1080 ಪಿಕ್ಸೆಲ್ ಚಿತ್ರ 12 ಇಂಚಿಗೆ ಹಿಗ್ಗಿಸಿದ್ರ ಇಂಚಿಗೆ 90 ಚುಕ್ಕಿ ಅಷ್ಟ ಬರತಾವ, ಅಂಚು ಹರದಂಗ ಕಾಣತಾವ. ಚೊಕ್ಕ ಇದ್ರ ದೊಡ್ಡ ಫೈಲ್ ಎಲ್ಲೋ ಸಿಕ್ಕಿರಬೇಕು.

ಮಡಗಾಂವ್ ಕುಂಚ:

ನಾನು ಬಿಟ್ಟುಬಿಟ್ಟೆ. ಎರಡು ವರ್ಷ ದಿನಾ ರಾತ್ರಿ ಗೂಗಲ್‌ನಲ್ಲಿ ನನ್ನ ಚಿತ್ರಗಳನ್ನೇ ಹುಡುಕುತ್ತ ಕೂತೆ. ಒಂದು ತೆಗೆಸಿದರೆ ಬೇರೆ ಹೆಸರಿನಲ್ಲಿ ಇನ್ನೊಂದು. ಆ ಎರಡು ವರ್ಷದಲ್ಲಿ ಬರೆದ ಹೊಸ ಚಿತ್ರ ನಾಲ್ಕೇ. ನಿಮಗೆ ಹಾಗಾಗಬಾರದು. ಹುಡುಕಲು ತಿಂಗಳಿಗೆ ಒಂದು ದಿನ ಇಟ್ಟುಕೊಳ್ಳಿ, ಅಷ್ಟೇ.

ಸಿಂಹಗಡ್ ರೋಡ್ ಚಿತ್ರಗಾರ್ತಿ:

ಭೋಸರಿ ಅಣ್ಣಾ, ಪ್ರಿಂಟ್ ಚೊಕ್ಕನ ಇತ್ತು. ಪಾಲಕಿ ದಿವಸ ಖುಷಿಲೆ ವಾಲ್‌ಪೇಪರ್ ಅಂತ ದೊಡ್ಡ ಫೈಲ್ ಡ್ರೈವ್ ಲಿಂಕಿನ್ಯಾಗ ಎಲ್ಲಾರಿಗೂ ಫುಕಟ್ ಹಂಚಿದ್ದೆ. ಅದನ್ನ ನಿನ್ನೆ ತಗದೆ. ಗುಮಾಸ್ತರ, ಫುಕಟ್ ಕೊಟ್ಟೇನಿ ಅಂದ್ರ ಹಕ್ಕು ಹೋತೇನು?

ಮಾಟುಂಗಾ ಗುಮಾಸ್ತ:

ಇಲ್ಲ ಅಕ್ಕಾ. ಮೊಬೈಲ್‌ಗೆ ಇಟ್ಟುಕೊಳ್ಳಲು ಕೊಟ್ಟದ್ದು ಅಚ್ಚು ಹಾಕಿ ಮಾರಲು ಕೊಟ್ಟದ್ದಲ್ಲ. ಹಕ್ಕು ಬರೆದುಕೊಡುವುದಾದರೆ ಸಹಿ ಹಾಕಿದ ಪತ್ರವೇ ಬೇಕು. ಪದರಪದರವಾಗಿ (ಲೇಯರ್) ಇರುವ ಮೂಲ ಫೈಲ್ ಜೋಪಾನ, ನೀವೇ ಬರೆದದ್ದೆಂಬುದಕ್ಕೆ ಅದು ಪುರಾವೆ.

ಸಿಂಹಗಡ್ ರೋಡ್ ಚಿತ್ರಗಾರ್ತಿ:

ಒಂಬತ್ತು ದಿವಸ ಆತು. ಫಾರಂ ತುಂಬಿದೆ, ಚಿತ್ರ ತಗಿಯೋ ಆ್ಯಪ್ ಪ್ರೊಕ್ರಿಯೇಟ್‌ನಾಗ ಗೆರಿ ಗೆರಿ ಮೂಡಿದ್ದು ತೋರಿಸೋ ಟೈಮ್‌ಲ್ಯಾಪ್ಸ್ ವಿಡಿಯೊ ಹಚ್ಚಿದೆ. ಬಾಲ ಇಲ್ಲದ ಮೀನಿಗೆ ಕೆಂಪು ಸುತ್ತು ಹಾಕಿ ತೋರಿಸಿದೆ. ಇಬ್ಬರದು ತಗದಾರ. ತುಳಶೀಬಾಗದ ಅಂಗಡಿಯವರ ಕಡೆ ನಾನ ಹೋಗಿ ಅಜ್ಜಿ ಫೋಟೊ ತೋರಿಸಿದೆ. ಅವರು ಸುಮ್ಮನ ನೋಡಿದರು, ಉಳದ ಟೀ-ಶರ್ಟ್ ಮಡಚಿ ಒಳಗಿಟ್ಟರು, ಮಾಲು ಕೊಟ್ಟವರ ನಂಬರ್ ಕೊಟ್ಟರು. ಮೂರನೇದಾಂವ ಜಗ್ಗವಲ್ಲ, ಚಿತ್ರ ತನ್ನದ ಅಂತಾನ. ಅವಂಗ ಇವತ್ತ ಕಾಗದ ಬರೀಲಿಕ್ಕೆ ಕೂತೀನಿ. ಗುಮಾಸ್ತರ, ಅಜ್ಜಿ ಫೋಟೊನೂ ಪುರಾವೆ ಅಂತ ಜೋಡಿಸಲೇನು?