ಸ್ಕ್ರಿಪ್ಟ್ ‘ಯಶಸ್ವಿ’ ಎನ್ನುತ್ತದೆ, ಫೈರ್‌ಫಾಕ್ಸ್‌ನಲ್ಲಿ ಪ್ರಮಾಣಪತ್ರವೇ ಇಲ್ಲ

ಪ್ರಶ್ನೆ:
ನಲವತ್ತು ಲಿನಕ್ಸ್ ಗಣಕಗಳು. ಒಬ್ಬೊಬ್ಬ ಬಳಕೆದಾರರಿಗೂ ಅವರವರ ಡಿಜಿಟಲ್ ಪ್ರಮಾಣಪತ್ರವನ್ನು (ಜಾಲತಾಣಗಳಿಗೆ ಗುರುತು ತೋರಿಸುವ ಕಡತ) ಫೈರ್‌ಫಾಕ್ಸ್‌ಗೆ ಸೇರಿಸುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಕೈಯಲ್ಲೇ ಮಾಡುತ್ತಾ ಕೂರುವ ತಾಳ್ಮೆ ನನಗಿಲ್ಲ, ಸ್ಕ್ರಿಪ್ಟ್ ಬರೆದೆ. ಮೊದಲು ಪ್ರಮಾಣಪತ್ರ ಸೇರಿಸುವ ಸರ್ಟ್‌ಯುಟಿಲ್ ಆಜ್ಞೆ ಬಳಸಿ ಪೆಟ್ಟು ತಿಂದೆ: ಪ್ರಮಾಣಪತ್ರದ ಜೊತೆಗಿರಬೇಕಾದ ಗುಟ್ಟಿನ ಖಾಸಗಿ ಕೀಲಿ ಹೋಗಲಿಲ್ಲ, ಬರೀ ಪ್ರಮಾಣಪತ್ರ ಹೋಗಿ ಕುಳಿತಿತ್ತು. ಬುದ್ಧಿ ಬಂದು ಎರಡನ್ನೂ ಒಟ್ಟಿಗೆ ಇಡುವ ಪಿ12 ಕಡತ ಮತ್ತು ಅದನ್ನು ಸೇರಿಸುವ ಪಿಕೆ12ಯುಟಿಲ್ ಆಜ್ಞೆ ಹಿಡಿದೆ. ಈಗ ಹೆಚ್ಚಿನ ಗಣಕಗಳಲ್ಲಿ ‘ಇಂಪೋರ್ಟ್ ಸಕ್ಸೆಸ್‌ಫುಲ್’ ಎಂದೇ ಬರುತ್ತದೆ. ಬ್ರೌಸರ್ ತೆರೆದು ‘ನಿಮ್ಮ ಪ್ರಮಾಣಪತ್ರಗಳು’ ಪಟ್ಟಿ ನೋಡಿದರೆ ಮಾತ್ರ ಬಟಾಬಯಲು. ಸುಳ್ಳು ಹೇಳುತ್ತಿರುವುದು ಯಾರು?

ಉತ್ತರ 1:
ಸೂಡೊ ಹಾಕಿ, ಅಂದರೆ ನಿರ್ವಾಹಕ ಖಾತೆಯಾದ ರೂಟ್‌ನ ಅಧಿಕಾರದಲ್ಲಿ, ಓಡಿಸುತ್ತಿದ್ದೀರಾ? ಹಾಗಿದ್ದರೆ ಹೋಮ್ ಫೋಲ್ಡರ್ ರೂಟ್‌ನದ್ದಾಗಿರಬಹುದು. ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ: ಪಿ12 ಕಡತದ ಪಾಸ್‌ವರ್ಡನ್ನು ಪಿಕೆ12ಯುಟಿಲ್‌ನ ದೊಡ್ಡ ಡಬ್ಲ್ಯು ಆಯ್ಕೆಯಲ್ಲಿ ನೇರವಾಗಿ ಬರೆದಿದ್ದರೆ, ಆ ಕ್ಷಣದಲ್ಲಿ ಓಡುತ್ತಿರುವ ಆಜ್ಞೆಗಳನ್ನು ತೋರಿಸುವ ಪಿಎಸ್ ಆಜ್ಞೆ ಕೊಟ್ಟವರಿಗೆಲ್ಲ ಅದು ಕಾಣಬಹುದು. ಚಿಕ್ಕ ಡಬ್ಲ್ಯು ಬಳಸಿ, ಪಾಸ್‌ವರ್ಡನ್ನು ಕಡತದಿಂದ ಓದಿಸಿ.

ಉತ್ತರ 2:
ಫೈರ್‌ಫಾಕ್ಸ್ ಪ್ರಮಾಣಪತ್ರಗಳನ್ನು ಇಡುವ ಪ್ರೊಫೈಲ್ ಫೋಲ್ಡರನ್ನು ಹೇಗೆ ಹುಡುಕುತ್ತಿದ್ದೀರಿ? ‘ಡಿಫಾಲ್ಟ್’ ಎಂದು ಕೊನೆಯಾಗುವುದನ್ನು ಹಿಡಿಯುತ್ತಿದ್ದರೆ ಎಡವಿದ್ದು ಅಲ್ಲೇ. 2019ರಲ್ಲಿ ಬಂದ ಫೈರ್‌ಫಾಕ್ಸ್ 67ನೇ ಆವೃತ್ತಿಯಿಂದ ಒಂದೊಂದು ಇನ್‌ಸ್ಟಾಲ್‌ಗೂ ಪ್ರತ್ಯೇಕ ಪ್ರೊಫೈಲ್. ಬ್ರೌಸರ್ ಸಾಮಾನ್ಯವಾಗಿ ಬಳಸುವುದು ‘ಡಿಫಾಲ್ಟ್-ರಿಲೀಸ್’ ಎಂಬುದನ್ನು. ಪಕ್ಕದ ‘ಡಿಫಾಲ್ಟ್’ ಹೆಚ್ಚಾಗಿ ಯಾರೂ ಬಳಸದ ಪಾಳುಮನೆ. ಅಲ್ಲಿ ಪ್ರಮಾಣಪತ್ರಗಳ ಡೇಟಾಬೇಸ್ ಇಲ್ಲದಿದ್ದರೂ ಪಿಕೆ12ಯುಟಿಲ್ ಹೊಸದನ್ನು ಸೃಷ್ಟಿಸಿ, ಯಶಸ್ವಿ ಎನ್ನುತ್ತದೆ. ಹೆಸರು ನೋಡಿ ಊಹಿಸಬೇಡಿ, ಪ್ರೊಫೈಲ್ಸ್.ಐಎನ್‌ಐ ಕಡತದ ‘ಇನ್‌ಸ್ಟಾಲ್’ ಭಾಗದಲ್ಲಿರುವ ಡಿಫಾಲ್ಟ್ ಸಾಲನ್ನು ಓದಿಸಿ.

ಪ್ರಶ್ನೆ ಕೇಳಿದವರು:
ಪಾಳುಮನೆಯೇ! ಆ ಫೋಲ್ಡರಿನಲ್ಲಿ ಟೈಮ್ಸ್.ಜೇಸನ್ ಎಂಬ ಒಂದು ಚಿಕ್ಕ ಕಡತ, ಅದರ ಪಕ್ಕದಲ್ಲಿ ನಾನೇ ಹುಟ್ಟಿಸಿದ ಡೇಟಾಬೇಸ್‌ಗಳಾದ ಸರ್ಟ್9.ಡಿಬಿ, ಕೀ4.ಡಿಬಿ. ಎರಡು ದಿನ ಮೂವತ್ತೇಳು ಖಾಲಿ ಮನೆಗಳಿಗೆ ಬೀಗದ ಕೈ ಹಂಚಿದ್ದೇನೆ. ಸೂಡೊ ಬಳಸಿರಲಿಲ್ಲ, ಆದರೆ ಪಾಸ್‌ವರ್ಡ್ ವಿಷಯದಲ್ಲಿ ಸಿಕ್ಕಿಬಿದ್ದೆ; ತಿದ್ದಿದ್ದೇನೆ. ಐಎನ್‌ಐ ಓದಿಸಿದ ಮೇಲೆ ಮೂವತ್ತೇಳು ಸರಿಯಾದವು. ಉಳಿದ ಮೂರರಲ್ಲಿ ಪ್ರೊಫೈಲ್‌ಗಳಿರಬೇಕಾದ ಮೊಜಿಲ್ಲಾ ಫೋಲ್ಡರೇ ಸಿಗುತ್ತಿಲ್ಲ.

ಉತ್ತರ 2:
ಅವು ಸ್ನ್ಯಾಪ್ ರೂಪದ (ತನ್ನ ಕಡತಗಳನ್ನು ಬೇರೆ ಜಾಗದಲ್ಲಿ ಇಡುವ ಪ್ಯಾಕೇಜ್) ಫೈರ್‌ಫಾಕ್ಸ್ ಇರಬೇಕು. ಹೋಮ್‌ನೊಳಗೆ ಸ್ನ್ಯಾಪ್, ಫೈರ್‌ಫಾಕ್ಸ್, ಕಾಮನ್ ಎಂದು ಇಳಿದು ನೋಡಿ. ಮೊಜಿಲ್ಲಾ ಹೆಸರಿನ ಮುಂದೆ ಚುಕ್ಕೆ ಇದೆ, ಅಡಗಿದ ಕಡತಗಳನ್ನೂ ತೋರಿಸಲು ಹೇಳಿ.

ಪ್ರಶ್ನೆ ಕೇಳಿದವರು:
ಸಿಕ್ಕಿತು. ಮೂರೂ ಅಲ್ಲೇ ಅವಿತಿದ್ದವು.