ಪದಚರ್ಚೆ: ಮಗುವಿನ ‘ಡೆವಲಪ್‌ಮೆಂಟ್’ ಬೆಳವಣಿಗೆಯೋ ವಿಕಾಸವೋ? ಜೊತೆಗೆ ‘ಅಟ್ಯಾಚ್‌ಮೆಂಟ್’ ಕುರಿತು

ಮಾನ್ಯರೇ,

ಪದವಿ ತರಗತಿಯಲ್ಲಿ ‘ಚೈಲ್ಡ್ ಡೆವಲಪ್‌ಮೆಂಟ್ ಅಂಡ್ ಫ್ಯಾಮಿಲಿ ಸೈನ್ಸ್’ ವಿಷಯವನ್ನು ಆರಿಸಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಪ್ರವೇಶಿಕೆಯನ್ನು ಬರೆಯುತ್ತಿದ್ದೇನೆ. ಮಗುವಿನ ದೇಹ, ಬುದ್ಧಿ, ಭಾಷೆ ಮತ್ತು ಭಾವಗಳು ಹೇಗೆ ಬದಲಾಗುತ್ತವೆ ಎಂಬುದನ್ನೂ, ಆ ಬದಲಾವಣೆಗಳು ನಡೆಯುವ ಕುಟುಂಬದ ರಚನೆ ಮತ್ತು ಸಂಬಂಧಗಳನ್ನೂ ಒಟ್ಟಿಗೆ ಓದಬೇಕಾದ ವಿಷಯ ಇದಾದ್ದರಿಂದ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಮತ್ತು ಶಿಕ್ಷಣಶಾಸ್ತ್ರಗಳ ಪರಿಭಾಷೆ ಒಂದೇ ಪುಟದಲ್ಲಿ ಬೆರೆಯುತ್ತದೆ. ಒಂದೊಂದು ಪರಿಕಲ್ಪನೆಗೂ ಎರಡು ಮೂರು ಕನ್ನಡ ಪದಗಳು ಈಗಾಗಲೇ ಚಾಲ್ತಿಯಲ್ಲಿವೆ. ಆದರೆ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಗ್ರಹಿಸಬೇಕಾದ ವ್ಯತ್ಯಾಸಗಳನ್ನು ಅವುಗಳಲ್ಲಿ ಕೆಲವು ಮಸುಕುಗೊಳಿಸುತ್ತವೆ. ಅಂಥ ಕೆಲವನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು ವಿಷಯದ ಹೆಸರಿನಲ್ಲೇ ಇದೆ. ಆಡಳಿತದ ಭಾಷೆಯಲ್ಲಿ ‘ಡೆವಲಪ್‌ಮೆಂಟ್’ ಎಂದರೆ ಅಭಿವೃದ್ಧಿ. ಈ ಪದಕ್ಕೆ ಯೋಜನೆ, ಅನುದಾನಗಳ ವಾಸನೆ ಎಷ್ಟು ಹತ್ತಿದೆಯೆಂದರೆ, ‘ಮಗುವಿನ ಅಭಿವೃದ್ಧಿ’ ಎಂದ ಕೂಡಲೇ ಮಗುವಿನೊಳಗೆ ನಡೆಯುವ ಬದಲಾವಣೆಗಿಂತ ಮಗುವಿಗಾಗಿ ಯಾರೋ ಕೈಗೊಂಡ ಕಾರ್ಯಕ್ರಮವೇ ನೆನಪಾಗುತ್ತದೆ. ಅದನ್ನು ಹೊರಗಿಟ್ಟರೆ ಉಳಿಯುವುದು ಶಿಕ್ಷಣಶಾಸ್ತ್ರದ ಪಠ್ಯಗಳಲ್ಲಿ ರೂಢಿಯಾಗಿರುವ ‘ಬೆಳವಣಿಗೆ ಮತ್ತು ವಿಕಾಸ’ ಎಂಬ ಜೋಡಿ. ಇಲ್ಲಿ ಬೆಳವಣಿಗೆ ಎಂದರೆ ‘ಗ್ರೋತ್’, ಅಂದರೆ ಎತ್ತರ, ತೂಕ, ತಲೆಯ ಸುತ್ತಳತೆ ಮೊದಲಾದ ಅಳೆಯಬಹುದಾದ ಹೆಚ್ಚಳ. ವಿಕಾಸ ಎಂದರೆ ಸಾಮರ್ಥ್ಯಗಳಲ್ಲಿ ಕ್ರಮವಾಗಿ ಕಾಣಿಸುವ ಗುಣಾತ್ಮಕ ಬದಲಾವಣೆ. ಮೊದಲನೆಯದು ಹರೆಯದ ಕೊನೆಯ ಹೊತ್ತಿಗೆ ಬಹುಮಟ್ಟಿಗೆ ನಿಲ್ಲುತ್ತದೆ, ಎರಡನೆಯದು ಬದುಕಿನುದ್ದಕ್ಕೂ ನಡೆಯುತ್ತದೆ.

ಈ ವಿಂಗಡಣೆ ಬೋಧನೆಗೆ ಅನುಕೂಲವಾದದ್ದೇ. ಆದರೂ ‘ವಿಕಾಸ’ದ ಬಗ್ಗೆ ನನಗೆ ಮೂರು ಆಕ್ಷೇಪಗಳಿವೆ. ಜೀವವಿಜ್ಞಾನದ ಎವಲ್ಯೂಷನ್‌ಗೂ ನಾವು ವಿಕಾಸ ಎಂದೇ ಹೇಳುವುದರಿಂದ ‘ಮಾನವ ವಿಕಾಸ’ ಎಂಬ ಅಧ್ಯಾಯದಲ್ಲಿ ವಾನರ ಪೂರ್ವಜರ ಕತೆಯಿದೆಯೋ ತೊಟ್ಟಿಲ ಕೂಸಿನ ಕತೆಯಿದೆಯೋ ತಿಳಿಯುವುದಿಲ್ಲ. ಇದು ಚಿಕ್ಕ ಆಕ್ಷೇಪ. ಎರಡನೆಯದು, ಅರಳುವಿಕೆ ಎಂಬ ಮೂಲಾರ್ಥವನ್ನು ಹೊತ್ತಿರುವ ಈ ಪದ ಒಂದು ಸಿದ್ಧಾಂತದ ಪಕ್ಷ ವಹಿಸುತ್ತದೆ. ಮೊಗ್ಗಿನೊಳಗೆ ಇದ್ದದ್ದೇ ಹೂವಾಗುವಂತೆ, ಒಳಗಿನ ವೇಳಾಪಟ್ಟಿಯಂತೆ ಮಗು ಪಕ್ವವಾಗುತ್ತದೆ ಎಂದ ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ಗೆಸೆಲ್‌ಗೆ ಅದು ಚೆನ್ನಾಗಿ ಒಪ್ಪುತ್ತದೆ. ಹಿರಿಯರ ನೆರವಿನಲ್ಲಿ, ಸಾಂಸ್ಕೃತಿಕ ಸಾಧನಗಳ ಮೂಲಕ ಮಗುವಿನ ಚಿಂತನೆ ರೂಪುಗೊಳ್ಳುತ್ತದೆ ಎಂದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿಗೆ ಅಷ್ಟಾಗಿ ಒಪ್ಪುವುದಿಲ್ಲ.

ಮೂರನೆಯದು ಹೆಚ್ಚು ತೂಕದ್ದು. ಡೆವಲಪ್‌ಮೆಂಟ್ ಎಂದರೆ ಬರೀ ಗಳಿಕೆಯಲ್ಲ, ಪ್ರತಿ ಹಂತದಲ್ಲೂ ಗಳಿಕೆ ಮತ್ತು ನಷ್ಟ ಜೊತೆಜೊತೆಯಾಗಿ ನಡೆಯುತ್ತವೆ ಎಂದು ಮನಶ್ಶಾಸ್ತ್ರಜ್ಞ ಪಾಲ್ ಬಾಲ್ಟೆಸ್ 1987ರಲ್ಲಿ ವಾದಿಸಿದರು. ಮುಪ್ಪಿಗೆ ಮಾತ್ರ ಅನ್ವಯಿಸುವ ಮಾತಲ್ಲ ಇದು. ಶೈಶವದಲ್ಲೇ ಇದಕ್ಕೆ ಉದಾಹರಣೆಯಿದೆ, ಅದೂ ಭಾಷಾಸಕ್ತರು ಗಮನಿಸಬೇಕಾದ ಉದಾಹರಣೆ. ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತಾಡುವ ಮನೆಗಳ 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳ ನಡುವಿನ ಭೇದವನ್ನು ಗುರುತಿಸಿದವು; 10ರಿಂದ 12 ತಿಂಗಳ ಕೂಸುಗಳಲ್ಲಿ ಬಹುತೇಕ ಯಾವುವೂ ಗುರುತಿಸಲಿಲ್ಲ. ತನ್ನ ಸುತ್ತಲಿನ ನುಡಿಗೆ ಕಿವಿಯನ್ನು ಹದಗೊಳಿಸಿಕೊಳ್ಳುವಾಗ ಮಗು ಬೇಡದ ಭೇದಗಳನ್ನು ಬಿಟ್ಟುಕೊಡುತ್ತದೆ. ಇದು ಹಿನ್ನಡೆಯಲ್ಲ, ಭಾಷೆಯನ್ನು ಕಲಿಯುವ ಕ್ರಮದ ಒಂದು ಭಾಗ. ಈ ಬಿಟ್ಟುಕೊಡುವಿಕೆಯನ್ನು ‘ವಿಕಾಸ’ ಎಂದು ಕರೆದರೆ ಓದುವವನ ಮನಸ್ಸು ಒಪ್ಪುವುದಿಲ್ಲ.

ಹೀಗಿದ್ದೂ ಬೇರೆ ದಾರಿ ಕಾಣದೆ ಶೀರ್ಷಿಕೆಯಲ್ಲಿ ‘ಮಕ್ಕಳ ವಿಕಾಸ’ ಎಂದೇ ಉಳಿಸಿಕೊಳ್ಳುವ ಮನಸ್ಸಾಗಿದೆ, ಏಕೆಂದರೆ ‘ಬೆಳವಣಿಗೆ’ಯೊಂದಿಗಿನ ಜೋಡಿಯನ್ನು ಒಡೆದರೆ ವಿದ್ಯಾರ್ಥಿಗಳಿಗೆ ಗೊಂದಲ ಇನ್ನೂ ಹೆಚ್ಚುತ್ತದೆ. ತೊಂದರೆಯೆಂದರೆ ಕ್ರಿಯಾಪದ. ಮಗು ‘ವಿಕಾಸಗೊಳ್ಳುತ್ತದೆ’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ, ಮಗು ಬೆಳೆಯುತ್ತದೆ, ಅಷ್ಟೆ. ನಾಮಪದ ವಿಕಾಸ, ಕ್ರಿಯಾಪದ ಬೆಳೆ ಎಂದು ಒಂದೇ ಪುಸ್ತಕದಲ್ಲಿ ಬಳಸಿದರೆ ಪಾರಿಭಾಷಿಕ ಶಿಸ್ತು ತಪ್ಪಿದಂತಾಗುವುದೇ?

ವಯೋಹಂತಗಳ ಹೆಸರುಗಳಲ್ಲಿ ‘ಟಾಡ್ಲರ್’ ಒಂದನ್ನೇ ಕೇಳುತ್ತೇನೆ. ಕೆಲವರು ‘ಅಂಬೆಗಾಲಿನ ಮಗು’ ಎಂದು ಬರೆಯುತ್ತಾರೆ, ಅದು ತಪ್ಪು. ಟಾಡ್ಲರ್ ಆಗಲೇ ಎದ್ದು ನಡೆಯಲು ತೊಡಗಿದ ಮಗು; ಅಲ್ಲದೆ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 4ರಷ್ಟು ಮಕ್ಕಳು ಅಂಬೆಗಾಲಿಡುವುದು ಕಂಡುಬರಲೇ ಇಲ್ಲ. ಅದೇ ಅಧ್ಯಯನದ ಪ್ರಕಾರ ಆಸರೆಯಿಲ್ಲದೆ ನಡೆಯುವುದು 8.2ರಿಂದ 17.6 ತಿಂಗಳ ನಡುವೆ ಯಾವಾಗ ಬೇಕಾದರೂ ಮೊದಲಾಗಬಹುದು. ತಡವರಿಸುವ ಎಳೆ ಹೆಜ್ಜೆಗೆ ನಮ್ಮಲ್ಲಿ ‘ದಟ್ಟಡಿ’ ಎಂಬ ಹಳೆಯ ಪದವಿದೆ. ‘ದಟ್ಟಡಿಯ ಮಗು’ ಇಂದಿನ ವಿದ್ಯಾರ್ಥಿಗೆ ಅರ್ಥವಾದೀತೇ, ಅಥವಾ ‘ತಪ್ಪುಹೆಜ್ಜೆಯ ಮಗು’ ಎಂಬುದೇ ಮೇಲೇ?

ಕುಟುಂಬದ ಕಡೆಗೆ ಬಂದರೆ, ‘ನ್ಯೂಕ್ಲಿಯರ್ ಫ್ಯಾಮಿಲಿ’ಗೆ ಬಳಕೆಯಲ್ಲಿರುವ ‘ವಿಭಕ್ತ ಕುಟುಂಬ’ವನ್ನು ಕೈಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮಾನವಶಾಸ್ತ್ರಜ್ಞ ಜಾರ್ಜ್ ಪೀಟರ್ ಮರ್ಡಾಕ್ 1949ರಲ್ಲಿ ತಂದೆ, ತಾಯಿ, ಮಕ್ಕಳ ಈ ಗುಂಪು ಎಲ್ಲ ಸಮಾಜಗಳಲ್ಲೂ ಇರುವ ತಿರುಳು ಎಂಬ ಅರ್ಥದಲ್ಲಿ ಆ ಇಂಗ್ಲಿಷ್ ಪದವನ್ನು ಬಳಸಿದರು. ಆ ವಾದವನ್ನು ಒಪ್ಪದವರೂ ಇದ್ದಾರೆ, ಅದು ಬೇರೆ ಮಾತು. ಕನ್ನಡದ ಪದವಾದರೋ ಕುಟುಂಬ ಮೊದಲು ಕೂಡಿತ್ತು, ಆಮೇಲೆ ಒಡೆಯಿತು ಎಂಬ ಇತಿಹಾಸವನ್ನು ಊಹಿಸಿಕೊಂಡುಬಿಡುತ್ತದೆ, ಪಾಲಾಗಿ ಹೋದವರು ಎಂಬ ಸಣ್ಣ ದೂರನ್ನೂ ಸೇರಿಸುತ್ತದೆ. ಎಂದೂ ಒಡೆಯದೆ, ಮೊದಲಿನಿಂದಲೇ ಹಾಗಿರುವ ಕುಟುಂಬಗಳಿಗೆ ಆ ಹೆಸರು ಹೇಗೆ ಸಲ್ಲುತ್ತದೆ? ‘ಕೇಂದ್ರ ಕುಟುಂಬ’ ಅಥವಾ ‘ತಿರುಳು ಕುಟುಂಬ’ ಸಾಕು ಎನಿಸುತ್ತದೆ. ಹಾಗೆಯೇ ಒಂದು ಸೂರಿನಡಿ ಬಾಳುವ ಗುಂಪಿಗೆ ‘ಮನೆ’, ನಂಟಿನಿಂದ ಕೂಡಿದ ಗುಂಪಿಗೆ ‘ಕುಟುಂಬ’ ಎಂದು ಬೇರ್ಪಡಿಸಿ ಬರೆಯುತ್ತಿದ್ದೇನೆ, ಏಕೆಂದರೆ ದೂರದಲ್ಲಿ ದುಡಿಯುವ ತಂದೆ ಮನೆಯ ಲೆಕ್ಕಕ್ಕೆ ಸೇರದಿದ್ದರೂ ಕುಟುಂಬದ ಲೆಕ್ಕಕ್ಕೆ ಸೇರುತ್ತಾನೆ.

ನನ್ನನ್ನು ಹೆಚ್ಚು ಕಾಡಿದ ಪದ ‘ಅಟ್ಯಾಚ್‌ಮೆಂಟ್’. ಬ್ರಿಟಿಷ್ ಮನೋವೈದ್ಯ ಜಾನ್ ಬೋಲ್ಬಿ 1969ರಿಂದ ವಿಸ್ತಾರವಾಗಿ ಮಂಡಿಸಿದ ಈ ಪರಿಕಲ್ಪನೆಗೆ ‘ಬಾಂಧವ್ಯ’ ಎಂಬುದು ಸಾಮಾನ್ಯ ಅನುವಾದ. (ಕಚೇರಿಯ ‘ಲಗತ್ತು’ ಯಾವ ಅನುವಾದ ತಂತ್ರಾಂಶಕ್ಕೂ ಹೊಳೆಯದಿರಲಿ!) ಬಾಂಧವ್ಯ ಎರಡೂ ಕಡೆಯಿಂದ ಇರುವಂಥದ್ದು. ಬೋಲ್ಬಿ ಹೇಳಿದ್ದು ಮಗುವಿನ ಕಡೆಯಿಂದ ಆರೈಕೆ ಮಾಡುವವರತ್ತ ಸಾಗುವ ಸೆಳೆತವನ್ನು: ಹೆದರಿದಾಗ, ದಣಿದಾಗ, ಕಾಯಿಲೆಯಾದಾಗ ಮಗು ಯಾರ ಹತ್ತಿರ ಓಡುತ್ತದೆ ಎಂಬುದನ್ನು. ಹೆತ್ತವರ ಕಡೆಯಿಂದ ಮಗುವಿನತ್ತ ಮೂಡುವುದನ್ನು ‘ಬಾಂಡಿಂಗ್’ ಎಂದು ಬೇರೆಯಾಗಿಯೇ ಕರೆಯುತ್ತಾರೆ. ಈ ದಿಕ್ಕನ್ನು ಸರಿಯಾಗಿ ತೋರುವ ಮಾತು ನಮ್ಮ ಆಡುನುಡಿಯಲ್ಲಿದೆ: ‘ಮಗು ಅಜ್ಜಿಯನ್ನು ಹಚ್ಚಿಕೊಂಡಿದೆ’. ಹಚ್ಚಿಕೊಳ್ಳುವುದು ಮಗು, ಹಚ್ಚಿಕೊಂಡದ್ದು ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು, ಆ ವ್ಯಕ್ತಿ ತಾಯಿಯೇ ಆಗಬೇಕೆಂದಿಲ್ಲ. ಸಿದ್ಧಾಂತ ಹೇಳುವುದೂ ಇಷ್ಟನ್ನೇ.

ಆದರೆ ಒಂದು ಅಡ್ಡಿಯಿದೆ. ಆಡುಮಾತಿನಲ್ಲಿ ಹಚ್ಚಿಕೊಳ್ಳುವುದಕ್ಕೆ ಪ್ರಮಾಣವುಂಟು, ‘ತುಂಬಾ ಹಚ್ಚಿಕೊಂಡಿದೆ’ ಎನ್ನುತ್ತೇವೆ, ಬಿಟ್ಟಿರಲಾರದೆ ಅಳುವ ಮಗುವನ್ನು ಕಂಡಾಗಲೇ ಹಾಗೆನ್ನುತ್ತೇವೆ. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್, ಅಪರಿಚಿತ ಕೋಣೆಯಲ್ಲಿ ಮಗುವನ್ನು ತಾಯಿಯಿಂದ ತುಸು ಹೊತ್ತು ಅಗಲಿಸಿ ನೋಡುವ ತಮ್ಮ ‘ಸ್ಟ್ರೇಂಜ್ ಸಿಚುಯೇಷನ್’ ಪ್ರಯೋಗದಲ್ಲಿ ಗಮನಿಸಿದ್ದು ಪ್ರಮಾಣವನ್ನಲ್ಲ, ಬಗೆಯನ್ನು. ತಾಯಿ ಹೊರಗೆ ಹೋದಾಗ ಮಗು ಎಷ್ಟು ಅತ್ತಿತು ಎಂಬುದಕ್ಕಿಂತ, ಆಕೆ ಮರಳಿ ಬಂದಾಗ ಆಕೆಯಿಂದ ಸಮಾಧಾನ ಪಡೆದು ಮತ್ತೆ ಆಟಕ್ಕೆ ತೊಡಗಿತೇ, ಮುಖ ತಿರುಗಿಸಿತೇ, ಅಪ್ಪಿಕೊಂಡೇ ಸಿಟ್ಟಿನಿಂದ ಕೊಸರಾಡಿತೇ ಎಂಬುದು ಅವರಿಗೆ ಮುಖ್ಯವಾಯಿತು. ಬಿಡದೆ ಅಂಟಿಕೊಂಡು ಅಳುವ ಮಗು, ನಾವು ‘ತುಂಬಾ ಹಚ್ಚಿಕೊಂಡಿದೆ’ ಎಂದು ಮೆಚ್ಚುವ ಮಗು, ಅವರ ವಿಂಗಡಣೆಯಲ್ಲಿ ಅಭದ್ರ ವರ್ಗಕ್ಕೂ ಸೇರಬಹುದು. ಆದ್ದರಿಂದ ಸಮಾಧಾನ ಪಡೆದು ಆಟಕ್ಕೆ ಮರಳುವ ಮೊದಲನೆಯ ವರ್ಗಕ್ಕೆ, ಅಂದರೆ ಭದ್ರ (‘ಸೆಕ್ಯೂರ್’) ವರ್ಗಕ್ಕೆ, ‘ನೆಚ್ಚಿ ಹಚ್ಚಿಕೊಂಡದ್ದು’ ಎಂಬ ವಿವರಣೆ ಕೊಟ್ಟು ಮುಂದುವರಿಯಬಹುದು ಎನಿಸಿದೆ. ‘ನೆಚ್ಚು’ ಎಂಬುದರಲ್ಲಿ ಭರವಸೆಯಿದೆ, ಪ್ರಮಾಣವಿಲ್ಲ. ಇಲ್ಲಿಯೂ ತೊಡಕು ನಾಮಪದದ್ದೇ. ‘ಹಚ್ಚಿಕೆ’ ಎಂದರೆ ಬಣ್ಣ ಬಳಿದ ಹಾಗೆ ಕೇಳಿಸುತ್ತದೆ, ‘ಹಚ್ಚಿಕೊಳ್ಳುವಿಕೆ’ ಉದ್ದವಾಯಿತು, ‘ನಂಟು’ ಮತ್ತೆ ಎರಡೂ ಕಡೆಗೆ ಹೊರಳುತ್ತದೆ. ತಮ್ಮ ಕಡೆಯ ನುಡಿಯಲ್ಲಿ ಇದಕ್ಕೆ ಬಳಕೆಯ ನಾಮರೂಪವೇನಾದರೂ ಇದೆಯೇ?

ಕೊನೆಯದು ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್ರಿಂಡ್ 1960ರ ದಶಕದಲ್ಲಿ ಗುರುತಿಸಿದ ‘ಅಥಾರಿಟೇರಿಯನ್’ ಮತ್ತು ‘ಅಥಾರಿಟೇಟಿವ್’ ಎಂಬ ಎರಡು ಬಗೆಯ ಹೆತ್ತವರು. ಇಂಗ್ಲಿಷಿನಲ್ಲಿ ಓದುವವರೇ ಪರೀಕ್ಷೆಯಲ್ಲಿ ಇವನ್ನು ಅದಲುಬದಲು ಮಾಡುತ್ತಾರೆ. ನಾವು ‘ಸರ್ವಾಧಿಕಾರಿ’ ಮತ್ತು ‘ಅಧಿಕಾರಯುತ’ ಎಂದು ಬರೆದು ಆ ಗೊಂದಲವನ್ನು ಕನ್ನಡಕ್ಕೂ ತಂದಿದ್ದೇವೆ. ಎರಡೂ ಬಗೆಯವರು ಮಗುವಿನಿಂದ ಬಹಳಷ್ಟನ್ನು ನಿರೀಕ್ಷಿಸುತ್ತಾರೆ; ಮೊದಲನೆಯವರು ಕಾರಣ ಹೇಳದೆ ಆಜ್ಞಾಪಿಸುತ್ತಾರೆ, ಎರಡನೆಯವರು ಕಾರಣ ಹೇಳುತ್ತಾರೆ, ಮಗುವಿನ ಮಾತನ್ನು ಕೇಳಿಸಿಕೊಳ್ಳುತ್ತಾರೆ, ಆದರೂ ಹಾಕಿದ ಗೆರೆಯನ್ನು ಸಡಿಲಿಸುವುದಿಲ್ಲ. ಮೊದಲನೆಯದಕ್ಕೆ ‘ದರ್ಪದ ಪಾಲನೆ’ ಎಂದೂ ಎರಡನೆಯದಕ್ಕೆ ‘ಹಿರಿತನದ ಪಾಲನೆ’ ಎಂದೂ ಬರೆದಿದ್ದೇನೆ. ದರ್ಪವಿಲ್ಲದೆಯೂ ಮಾತು ನಡೆಸಬಲ್ಲ ಗುಣ ‘ಹಿರಿತನ’ ಎಂಬುದರಲ್ಲಿ ಇದೆಯೆಂದು ನನ್ನ ನಂಬಿಕೆ. ವಯಸ್ಸಿನಲ್ಲಿ ಹಿರಿಯರಾಗಿರುವುದು ಎಂಬ ಅರ್ಥವೇ ಓದುಗರಿಗೆ ಮೊದಲು ಹೊಳೆದುಬಿಡುವುದೇ ಎಂಬುದನ್ನು ತಾವು ತಿಳಿಸಬೇಕೆಂದು ಕೋರುತ್ತೇನೆ.