ಪಿಆರ್ 10 ವರ್ಷ ಅಂತ ಗಾಬ್ರಿ ಆದವ್ರಿಗೆ, ಮತ್ತ ರೆಫ್ಯೂಜಿಗಳನ್ನ ಬೈಯೋರಿಗೂ

ಎಲ್ಲಾರಿಗೂ ಶರಣ್ರಿ. ಗಂಗಾವತಿ ತಮ್ಮ ಹಾಕಿದ ಪ್ರಶ್ನೆ ಓದಿದೆ, ಅದರ ಕೆಳಗ ಬಂದ ಕಾಮೆಂಟೂ ಎಲ್ಲಾ ಓದಿದೆ. ಅವ ಕೇಳಿದ್ದು ಇಷ್ಟ, ಲಂಡನ್ನಿನ್ಯಾಗ ಐದು ವರ್ಷಕ್ಕ ಸಿಗಬೇಕಾದ ಪರ್ಮನೆಂಟು (ಪಿಆರ್, ಬ್ರಿಟನ್ನಿನ್ಯಾಗ ಕಾಯಂ ಇರೋ ಪರ್ಮಿಷನ್) ಹತ್ತು ವರ್ಷಕ್ಕ ಹೋದ್ರ ಮಗಳ ಕಾಲೇಜು ಹ್ಯಾಂಗ, ಅಲ್ಲೇ ಇರ್ಲೋ ಗಂಟುಮೂಟಿ ಕಟ್ಟಿ ಊರಿಗೆ ಬರ್ಲೋ ಅಂತ. ಅದಕ್ಕ ಉತ್ರ ಕೊಡೋದು ಬಿಟ್ಟು ಅರ್ಧ ಮಂದಿ ಬೋಟಿನ್ಯಾಗ ಸಮುದ್ರ ದಾಟಿ ಬರೋ ರೆಫ್ಯೂಜಿಗಳ ಮ್ಯಾಲ ಹೊಂಟ್ರು, ಅವರಿಂದನ ನಮಗ ತ್ರಾಸ, ಅವರಿಗೆ ಯಾವ ಚೆಕ್ಕೂ ಇಲ್ಲ, ನಮಗ ಮಾತ್ರ ಎಲ್ಲಾ ಚೆಕ್ಕು ಅಂತ. ನಾ ಈಗ ರಜಾಕ್ಕ ಸಿಂಧನೂರಿಗೆ ಬಂದೀನಿ, ಮಕ್ಕಳು ಮಲಗಿದ ಮ್ಯಾಲ ಬರಿಯಾಕತ್ತೀನಿ, ಉದ್ದ ಆಗ್ತೈತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಮೊದ್ಲು ಈ ಚೆಕ್ಕಿನ ಮಾತು. ನಾ ನರ್ಸ್ ಕೆಲಸದವಳು. ಇಲ್ಲಿಂದ ಹೋಗೋ ಮುಂಚೆ ಪಾಸ್‌ಪೋರ್ಟ್ ಸೇವಾದಾಗ ಅರ್ಜಿ ಹಾಕಿ ಪೊಲೀಸ್ ಕ್ಲಿಯರೆನ್ಸ್ ತಗೊಂಡೀನಿ, ಠಾಣೆಯವ್ರು ಮನಿಗೆ ಬಂದು ಆಜುಬಾಜು ಕೇಳಿ ಹೋದ್ರು, ಟಿಬಿ ಟೆಸ್ಟ್ ಆತು, ಅಲ್ಲಿ ಇಳಿದ ಮ್ಯಾಲ ಡಿಬಿಎಸ್ ಚೆಕ್ಕು (ಅಲ್ಲಿಯ ಅಪರಾಧ ದಾಖಲೆ ನೋಡೋದು), ಬಾಡಿಗಿ ಮನಿಯವ್ರು ಸೈತ ಶೇರ್ ಕೋಡ್ (ವೀಸಾ ಐತಿ ಅಂತ ಆನ್‌ಲೈನ್ ತೋರ್ಸೋ ನಂಬರು) ಕೇಳ್ತಾರ. ನನ್ನಂಥಾ ಕೆಲಸದವ್ರು ಹಿಂದಿನ ಹತ್ತು ವರ್ಷದಾಗ ಯಾವುದರ ದೇಶದಾಗ ಹನ್ನೆರಡು ತಿಂಗಳು ಇದ್ದಿದ್ರ ಅಲ್ಲಿಯ ಪೊಲೀಸ್ ಕಾಗದನೂ ಬೇಕು, ದುಬೈ ಸೌದಿ ಕಡಿಯಿಂದ ಬಂದವ್ರಿಗೆ ಈ ತಿರುಗಾಟ ಗೊತ್ತೈತಿ. ಇದೆಲ್ಲಾ ಮಾಡ್ಲೇಬೇಕ್ರಿ, ಪೇಷಂಟ್ ಹತ್ರ, ಸಣ್ಣ ಮಕ್ಕಳ ಹತ್ರ ಕೆಲಸ ಮಾಡೋರನ್ನ ನೋಡದ ಬಿಡಬಾರ್ದು, ನನ್ನ ಮಕ್ಕಳ ಸಾಲ್ಯಾಗೂ ಹಂಗ ಮಾಡ್ಲಿ ಅಂತೀನಿ. ಆದ್ರ ನಮ್ಮನ್ನ ಇಷ್ಟು ಕೇಳೋ ಸರ್ಕಾರ ತಾನು ಮಾಡೋ ರೂಲ್ಸಿಗೆ ಯಾರ ಮುಂದ ಲೆಕ್ಕ ಕೊಡ್ತೈತಿ ಅನ್ನೋದನ್ನ ಈ ಗುಂಪಿನ್ಯಾಗ ಒಬ್ರೂ ಕೇಳಿಲ್ಲ, ಅದಕ್ಕ ಬರಿಯಾಕ ಕುಂತೆ.

ವೀಸಾ ರೂಲ್ಸ್ ಹ್ಯಾಂಗ ಬದಲಾಗ್ತಾವಂತ ಬಾಳ ಮಂದಿಗೆ ಗೊತ್ತಿಲ್ಲ. ಕಾಯ್ದೆ ಆದ್ರ ಮಸೂದಿ ಬರ್ತೈತಿ, ಸಾಲು ಸಾಲು ಚರ್ಚೆ, ತಿದ್ದುಪಡಿ, ಪಾರ್ಲಿಮೆಂಟಿನ ಎರಡೂ ಮನಿಯಾಗ (ಸದನದಾಗ) ವೋಟು. ಇಮಿಗ್ರೇಷನ್ ರೂಲ್ಸಿಗೆ ಅಷ್ಟಿಲ್ಲ. 1971ರ ಇಮಿಗ್ರೇಷನ್ ಆ್ಯಕ್ಟ್ ಪ್ರಕಾರ ಹೋಮ್ ಸೆಕ್ರೆಟರಿ (ಅಲ್ಲಿಯ ಗೃಹ ಮಂತ್ರಿ) ಬದಲಾವಣೆ ಪಟ್ಟಿ ತಂದು ಪಾರ್ಲಿಮೆಂಟಿನ ಮುಂದ ಇಟ್ರ ಆತು, 40 ದಿನದೊಳಗ ಯಾವುದರ ಒಂದು ಮನಿ ಇದು ಬ್ಯಾಡ ಅಂತ ಠರಾವು ಮಾಡದಿದ್ರ ಅದು ಹಂಗ ನಡೀತೈತಿ, ನಡುವ ಒಂದು ಸಾಲು ತಿದ್ದಾಕೂ ಬರಂಗಿಲ್ಲ. 2024ರ ಏಪ್ರಿಲ್ 4ಕ್ಕ ಸ್ಕಿಲ್ಡ್ ವರ್ಕರ್ ವೀಸಾ (ಅಲ್ಲಿಯ ಕಂಪನಿ ಕೆಲಸಕ್ಕ ಕರಸೋ ವೀಸಾ) ಪಗಾರದ ಮಿತಿ 26,200 ಪೌಂಡಿನಿಂದ 38,700ಕ್ಕ ಜಿಗೀತಲ್ಲ, 2025ರ ಜುಲೈ 22ಕ್ಕ 41,700 ಆತಲ್ಲ, ಕೇರ್ ವರ್ಕರ್ (ಮುದುಕರನ್ನ, ಕೈಲಾಗದವ್ರನ್ನ ನೋಡ್ಕೊಳ್ಳೋರು) ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬರಂಗಿಲ್ಲ ಅಂತ 2024ರ ಮಾರ್ಚ್ 11ಕ್ಕ ಆತಲ್ಲ, ಎಲ್ಲಾ ಈ ದಾರಿಯಿಂದನ ಬಂದವು. ನಮ್ಮ ಮನಿ ಮಕ್ಕಳ ಬಾಳೇವು ತಿರುಗಿಸೋ ಇಂಥಾ ಕಾಗದ ಒಂದು ಬಜೆಟ್ಟಿನಷ್ಟೂ ಚರ್ಚೆ ಆಗದ ಪಾಸಾಗೋದು ನನಗ ಸರಿ ಕಾಣಂಗಿಲ್ಲ.

ಹಂಗಿದ್ರ ಲೆಕ್ಕ ಕೇಳೋದು ಎಲ್ಲಿ ಅಂದ್ರ ಕಮಿಟಿಗಳಾಗ. ಹೋಮ್ ಅಫೇರ್ಸ್ ಕಮಿಟಿ ಅಂತೈತಿ, ಬ್ಯಾರೆ ಬ್ಯಾರೆ ಪಾರ್ಟಿ ಎಂಪಿಗಳು ಇರ್ತಾರ, ಮಂತ್ರಿನ್ನ ಮುಂದ ಕುಂದ್ರಿಸಿ ಕೇಳ್ತಾರ, ಟಿವಿಯಾಗ ಎಲ್ಲಾರೂ ನೋಡಬಹುದು. ರೊಕ್ಕದ ಲೆಕ್ಕಕ್ಕ ಪಬ್ಲಿಕ್ ಅಕೌಂಟ್ಸ್ ಕಮಿಟಿ. ವಿಂಡ್‌ರಷ್ ಹಗರಣ ಕೇಳಿರ್ಬೇಕು ನೀವು. ವೆಸ್ಟ್ ಇಂಡೀಸ್ ಕಡಿಯಿಂದ 1973ಕ್ಕಿಂತ ಮೊದ್ಲು ಕಾಯ್ದೆ ಪ್ರಕಾರನ ಬಂದವ್ರು, ಎಷ್ಟೋ ಮಂದಿ ಸಣ್ಣ ಮಕ್ಕಳಿದ್ದಾಗ ಅಪ್ಪ ಅವ್ವನ ಪಾಸ್‌ಪೋರ್ಟಿನ್ಯಾಗ ಬಂದವ್ರು, ಅವರಿಗೆ ಮುಪ್ಪಿನ ಕಾಲದಾಗ ಹೋಮ್ ಆಫೀಸು (ಅಲ್ಲಿಯ ಗೃಹ ಇಲಾಖೆ) ಒಂದೊಂದು ವರ್ಷದ್ದೂ ಕಾಗದ ತೋರ್ಸು ಅಂತು, ಅವರು ಬಂದಿಳಿದ ಲ್ಯಾಂಡಿಂಗ್ ಕಾರ್ಡು 2010ರಾಗ ಆ ಇಲಾಖೆನ ನಾಶ ಮಾಡಿಬಿಟ್ಟಿತ್ತು. ಕೆಲಸ ಹೋತು, ಆಸ್ಪತ್ರಿ ಚಿಕಿತ್ಸೆ ತಪ್ಪಿತು, ಕೆಲವರನ್ನ ಹೊರಗ ಹಾಕಿದ್ರು. 2018ರ ಏಪ್ರಿಲ್ 25ಕ್ಕ ಹೋಮ್ ಸೆಕ್ರೆಟರಿ ಆಂಬರ್ ರಡ್ ಆ ಕಮಿಟಿ ಮುಂದ ಬಂದಾಗ ಮಂದಿನ್ನ ಹೊರಗ ಕಳಸಾಕ ಟಾರ್ಗೆಟ್ ಇದಾವೇನು ಅಂತ ಕೇಳಿದ್ರು, ಇಲ್ಲ ಅಂದ್ರು, ಇದ್ವು ಅಂತ ಕಾಗದ ಹೊರಗ ಬಂದ್ವು, ನಾಲ್ಕ ದಿನಕ್ಕ, 29ಕ್ಕ, ರಾಜೀನಾಮೆ ಕೊಟ್ರು. ಆ ಕಮಿಟಿ ಅಧ್ಯಕ್ಷರು ಯ್ವೆಟ್ ಕೂಪರ್. ಅದೇ ಯ್ವೆಟ್ ಕೂಪರ್ 2024ರಾಗ ತಾವ ಹೋಮ್ ಸೆಕ್ರೆಟರಿ ಆದ್ರು, ಈಗ ನಾವು ಗಾಬ್ರಿ ಆಗಿರೋ ಹತ್ತು ವರ್ಷದ ಮಾತು ಶುರುವಾಗಿದ್ದು ಅವರು 2025ರ ಮೇ ತಿಂಗಳಾಗ ತಂದ ವೈಟ್ ಪೇಪರಿನಿಂದ (ಸರ್ಕಾರ ಮುಂದ ಏನ್ ಮಾಡ್ತೈತಿ ಅಂತ ಹೇಳೋ ಕಾಗದ). ಆದ್ದರಿಂದ ಇಂಥಾ ಮನುಷ್ಯಾ ಒಳ್ಳೇವ, ಇಂಥಾ ಪಾರ್ಟಿ ನಮ್ಮದು ಅಂತ ಕುಂದ್ರೋದು ಉಪಯೋಗಿಲ್ಲ, ಕುರ್ಚಿ ಬದಲಾದ್ರ ಮಾತೂ ಬದಲಾಗ್ತೈತಿ, ಕೇಳೋ ಜಾಗ ಗಟ್ಟಿ ಇರ್ಬೇಕು.

ಈಗ ತಮ್ಮನ ಪ್ರಶ್ನೆಕ್ಕ ಬರ್ತೀನಿ. ಕೂಪರ್ ಆದ ಮ್ಯಾಲ ಹೋಮ್ ಸೆಕ್ರೆಟರಿ ಆದ ಶಬಾನಾ ಮಹಮೂದ್ 2025ರ ನವೆಂಬರ್ 20ಕ್ಕ ಇಟ್ಟ ಪ್ರಸ್ತಾವದಾಗ ಸಾಮಾನ್ಯ ಲೆಕ್ಕ 10 ವರ್ಷ, ಕೇರ್ ವರ್ಕರ್ ಥರದವ್ರಿಗೆ 15, ಎನ್‌ಎಚ್‌ಎಸ್ (ಅಲ್ಲಿಯ ಸರ್ಕಾರಿ ಆಸ್ಪತ್ರಿ) ಡಾಕ್ಟರು ನರ್ಸುಗಳಿಗೆ 5, ಮತ್ತ ಈಗಾಗ್ಲೇ ಅಲ್ಲಿದ್ದು ಇನ್ನೂ ಪರ್ಮನೆಂಟ್ ಸಿಗದವ್ರಿಗೂ ಇದನ್ನ ಹಚ್ಚೋ ವಿಚಾರ. ನನಗ ಐದ ಉಳೀತು ಅಂತ ನಾ ಸುಮ್ನಿದ್ರ ಆಗ್ತೈತೇನ್ರಿ. ರೊಕ್ಕದ ಲೆಕ್ಕ ನೋಡ್ರಿ, ಹೆಲ್ತ್ ಸರ್‌ಚಾರ್ಜ್ (ವೀಸಾ ಜೊತಿ ಆಸ್ಪತ್ರಿ ಸಲುವಾಗಿ ಕಟ್ಟೋ ರೊಕ್ಕ) ದೊಡ್ಡವ್ರಿಗೆ ವರ್ಷಕ್ಕ 1,035 ಪೌಂಡು, ಮಕ್ಕಳಿಗೆ 776, ಗಂಡ ಹೆಂಡ್ತಿ ಎರಡು ಮಕ್ಕಳು ಇನ್ನೂ ಐದು ವರ್ಷ ವೀಸಾದಾಗ ಉಳಿದ್ರ ಈ ದರದಾಗ 18,110 ಪೌಂಡು ಇದಕ್ಕ ಒಂದಕ್ಕ ಹೋಗ್ತೈತಿ, ವೀಸಾ ಫೀ ಬ್ಯಾರೆ, ಕೊನಿಗೆ ಪರ್ಮನೆಂಟ್ ಅರ್ಜಿ ಫೀ 2025ರ ಏಪ್ರಿಲ್‌ದಾಗ ಒಬ್ಬೊಬ್ರಿಗೆ 3,029 ಆತು, ಅದೂ ಬ್ಯಾರೆ. ಅಲ್ಲೇ ಹುಟ್ಟಿದ ಕೂಸಿಗೂ ಅಪ್ಪ ಅವ್ವ ಇಬ್ರಿಗೂ ಪರ್ಮನೆಂಟ್ ಇಲ್ಲದಿದ್ರ ಹುಟ್ಟಿದ ಕೂಡ್ಲೇ ಪೌರತ್ವ ಇಲ್ಲ, ಒಬ್ರಿಗೆ ಸಿಕ್ಕ ಮ್ಯಾಲ ಹೆಸರು ಹಚ್ಚಬಹುದು, ಇಲ್ಲಂದ್ರ ಆ ಕೂಸು ಅಲ್ಲೇ ಬೆಳದು ಹತ್ತು ವರ್ಷ ಆಗಬೇಕು. ಇನ್ನ ತಮ್ಮನ ಮಗಳಂಗ ಹೈಸ್ಕೂಲಿಗೆ ಬಂದಿರೋ ಮಕ್ಕಳು ನಡುವನ 18 ದಾಟ್ತಾರ. ಅವಾಗ ಅವರು ಅಪ್ಪನ ಲೆಕ್ಕದಾಗ ಬರ್ತಾರೋ, ತಮ್ಮದ ಹತ್ತು ವರ್ಷ ಮತ್ತ ಎಣಿಸ್ಬೇಕೋ, ಯೂನಿವರ್ಸಿಟಿ ಫೀ ಅಲ್ಲಿಯವ್ರಂಗೋ ಹೊರಗಿನವ್ರಂಗೋ, ಇದನ್ನ ಒಬ್ಬ ಎಂಪಿ ಎದ್ದು ನಿಂತು ಮಂತ್ರಿಗೆ ಕೇಳಬೇಕು. ಅವರಿಗೆ ನಮ್ಮ ಮನಿ ಪರಿಸ್ಥಿತಿ ಕನಸಿನ್ಯಾಗ ಬರ್ತೈತೇನು? ನಾವು ಬರದ್ರ ಗೊತ್ತಾಗ್ತೈತಿ. ಊರಿಗೆ ಬರ್ಲೋ ಅಂದ್ರ ತಮ್ಮಾ, ಮಗಳಿಗೂ ಕೇಳು, ಅವಳ ಜೀವನ ಅದು. ನನ್ನ ಕೇಳಿದ್ರ ಈಗ ಅವಸರ ಬ್ಯಾಡ, ಪ್ರಸ್ತಾವ ಬ್ಯಾರೆ, ಜಾರಿಯಾದ ರೂಲ್ ಬ್ಯಾರೆ.

ಪಬ್ಲಿಕ್ ಅಕೌಂಟ್ಸ್ ಕಮಿಟಿ 2025ರಾಗ ಈ ಸ್ಕಿಲ್ಡ್ ವರ್ಕರ್ ವೀಸಾ ಮ್ಯಾಲನ ಒಂದು ವರದಿ ಕೊಟ್ಟೈತಿ. 2020ರ ಡಿಸೆಂಬರಿನಿಂದ 2024ರ ಕೊನಿತನಕ 11 ಲಕ್ಷ 80 ಸಾವಿರ ಮಂದಿ, ಮನಿಯವ್ರೂ ಸೇರಿ, ಆ ದಾರಿಯಾಗ ಬರಾಕ ಅರ್ಜಿ ಹಾಕ್ಯಾರ, ವೀಸಾ ಮುಗಿದ ಮ್ಯಾಲ ಅವರು ಹೋದ್ರೋ ಉಳಿದ್ರೋ ಅಂತ ಹೋಮ್ ಆಫೀಸು ತಿಳ್ಕೊಂಡೇ ಇಲ್ಲ ಅಂತ ಕಮಿಟಿ ಹೇಳ್ತು, ಕೇರ್ ಕೆಲಸದವ್ರನ್ನ ಸುಲಿಗಿ ಮಾಡಿದ್ದನ್ನ ತಡಿಯಾಕ ಆಗ್ಲಿಲ್ಲ ಅಂತನೂ ಹೇಳ್ತು. ಇದು ನಮ್ಮ ಮನಿ ಬಾಗಿಲಿಗೆ ಬಂದ ವಿಚಾರ. ರಾಯಚೂರು ಕೊಪ್ಪಳ ಕಡಿಯ ಹುಡುಗ್ರು ಹುಡುಗ್ಯಾರು ಹೊಲ ಒತ್ತಿ ಇಟ್ಟು ಏಜೆಂಟಿಗೆ ಲಕ್ಷಗಟ್ಟಲೆ ಕೊಟ್ಟು ಹೋಗ್ಯಾರ, ಅಲ್ಲಿ ಕಂಪನಿ ಬರೇ ಹೆಸರಿಗೆ, ಕೆಲಸಿಲ್ಲ, ಕಂಪನಿ ಲೈಸೆನ್ಸ್ ರದ್ದಾದ್ರ ಹೊಸ ಸ್ಪಾನ್ಸರ್ (ವೀಸಾ ಕೊಡಿಸೋ ಕಂಪನಿ) ಹುಡಕಾಕ 60 ದಿನ. ಬ್ಯಾಕ್‌ಗ್ರೌಂಡ್ ಚೆಕ್ಕು ಅಂದ್ರ ಹೋಗೋ ಬಡವನ ಮ್ಯಾಲ ಅಷ್ಟ ಯಾಕ, ಕರಸೋ ಮಾಲಕನ ಮ್ಯಾಲ ಅದರ ಅರ್ಧನರ ಇದ್ದಿದ್ರ ಇಷ್ಟು ಮಂದಿ ಬೀದಿಗೆ ಬೀಳ್ತಿರ್ಲಿಲ್ಲ. ಈಗ ಕೇರ್ ವರ್ಕರನ್ನ ಹೊರಗಿನಿಂದ ಹೊಸದಾಗಿ ಕರಸೋದು 2025ರ ಜುಲೈದಿಂದ ಬಂದ್ ಆಗೈತಿ, ಅದಕ್ಕ ಸಿಂಧನೂರು ಬಸ್ ಸ್ಟ್ಯಾಂಡ್ ಕಡೆ ಯಾರರ ಆ ವೀಸಾ ಕೊಡಿಸ್ತೀನಿ ಅಂದ್ರ ನಂಬಬ್ಯಾಡ್ರಿ. ಲೈಸೆನ್ಸ್ ಇರೋ ಸ್ಪಾನ್ಸರ್ ಪಟ್ಟಿ ಸರ್ಕಾರದ ವೆಬ್‌ಸೈಟಿನ್ಯಾಗ ಪುಕ್ಕಟ ಐತಿ, ಊರಾಗಿನ ತಮ್ಮ ತಂಗ್ಯಾರಿಗೆ ಮೊದ್ಲು ಅದನ್ನ ನೋಡಾಕ ಹೇಳ್ರಿ, ಹೆಸರಿದ್ರೂ ಕಂಪನಿ ಖರೇನ ನಡೀತೈತೋ ಇಲ್ಲೋ ಅಲ್ಲಿದ್ದವ್ರನ್ನ ಕೇಳ್ರಿ.

ಇನ್ನ ರೆಫ್ಯೂಜಿ ಮಾತು. ಅವರಿಗೆ ಚೆಕ್ಕಿಲ್ಲ ಅಂತ ಬರದವ್ರಿಗೆ ಹೇಳ್ತೀನಿ, ಅಸೈಲಮ್ (ಜೀವ ಉಳಿಸ್ಕೊಳ್ಳಾಕ ಆಶ್ರಯ) ಕೇಳಿದವ್ರ ಬೆರಳಚ್ಚು, ಫೋಟೋ ತಗೋತಾರ, ಮೊದ್ಲೊಂದು ಇಂಟರ್‌ವ್ಯೂ, ಆಮ್ಯಾಲ ಯಾಕ ಓಡಿ ಬಂದಿ ಅಂತ ಕೆದಕಿ ಕೆದಕಿ ದೊಡ್ಡ ಇಂಟರ್‌ವ್ಯೂ. ಕೆಲಸ ಮಾಡಂಗಿಲ್ಲ, ಅರ್ಜಿ ಹನ್ನೆರಡು ತಿಂಗಳು ದಾಟಿ ಕೊಳೆತ್ರ ಮಾತ್ರ ಕೆಲವು ಕೆಲಸಕ್ಕ ಪರ್ಮಿಷನ್ ಕೇಳಬಹುದು. ತಾವ ಅಡಿಗಿ ಮಾಡ್ಕೊಳ್ಳೋ ಕಡೆ ಇದ್ರ ವಾರಕ್ಕ 49.18 ಪೌಂಡು, ಊಟ ಕೊಡೋ ಹೋಟೆಲಿನ್ಯಾಗ ಇದ್ರ ಅದರಾಗಿನ ಒಂದು ತುಣುಕು. ಹೊಸ ಪ್ರಸ್ತಾವದಾಗ ಅವರಿಗೆ ಪರ್ಮನೆಂಟಿಗೆ 20 ವರ್ಷದ ದಾರಿ ಹೇಳ್ಯಾರ. ನಮ್ಮ ಹತ್ತು ಅವರು ಕಸ್ಕೊಂಡಿದ್ದಲ್ಲ. ರೊಕ್ಕ ಎಲ್ಲಿ ಹೋತು ಅಂದ್ರ ಅದನ್ನೂ ಕಮಿಟಿನ ಹುಡುಕೈತಿ, ಅಸೈಲಮ್ ವಸತಿ ಕಾಂಟ್ರಾಕ್ಟು 2019ರಿಂದ 2029ರ ತನಕ 450 ಕೋಟಿ ಪೌಂಡ್ ಅಂತಿದ್ದದ್ದು 1,530 ಕೋಟಿಗೆ ಹೋಗೋ ಅಂದಾಜು, ಹೋಮ್ ಆಫೀಸು ಕಾಂಟ್ರಾಕ್ಟ್ ನಡಸಾಕ ಬರದ ರೊಕ್ಕ ಪೋಲು ಮಾಡೈತಿ ಅಂತ ಹೋಮ್ ಅಫೇರ್ಸ್ ಕಮಿಟಿ 2025ರ ಅಕ್ಟೋಬರ್‌ದಾಗ ಬಿಚ್ಚಿ ಬರೀತು. ಹೋಟೆಲ್ ರೂಮಿನ್ಯಾಗ ಕುಂತ ಸಿರಿಯಾದ ತಾಯಿಗೆ ಆ ರೊಕ್ಕ ಮುಟ್ಟಿಲ್ರಿ.

ಮತ್ತ 2024ರ ಆಗಸ್ಟ್ ಮರೀಬ್ಯಾಡ್ರಿ. ಸೌತ್‌ಪೋರ್ಟಿನ್ಯಾಗ ಜುಲೈ ಕೊನಿಗೆ ಸಣ್ಣ ಹೆಣ್ಮಕ್ಕಳ ಕೊಲೆ ಆತು, ಕೊಂದವ ಬೋಟಿನ್ಯಾಗ ಬಂದ ಅಸೈಲಮಿನವ ಅಂತ ಸುಳ್ಳು ಸುದ್ದಿ ಫೋನಿಂದ ಫೋನಿಗೆ ಹಾರ್ತು, ಅವ ಹುಟ್ಟಿದ್ದು ಕಾರ್ಡಿಫ್‌ನ್ಯಾಗ. ರಾಥರಂ ಹತ್ರ ಹೋಟೆಲಿಗೆ ಬೆಂಕಿ ಹಚ್ಚಾಕ ಹೋದ್ರು, ಒಳಗ ಮಂದಿ ಇದ್ರು. ಆ ವಾರ ನಾವೆಲ್ಲಾ ಮಕ್ಕಳನ್ನ ಪಾರ್ಕಿಗೆ ಬಿಡ್ಲಿಲ್ಲ, ನೈಟ್ ಡ್ಯೂಟಿಗೆ ನಮ್ಮನಿಯವ್ರು ಕಾರಿನ್ಯಾಗ ಬಿಟ್ಟು ಬಂದ್ರು. ಕಲ್ಲು ಒಗಿಯೋನಿಗೆ ನೀ ಸ್ಕಿಲ್ಡ್ ವರ್ಕರೋ ರೆಫ್ಯೂಜಿಯೋ ಅನ್ನೋದು ಬೇಕಾಗಿಲ್ಲ, ಮೈಬಣ್ಣ ನೋಡ್ತಾನ. ನಮ್ಮ ಗುಂಪಿನ್ಯಾಗ ಅದ ಥರದ ಫಾರ್ವರ್ಡ್ ಬಂದಾಗ ನನಗ ಹೊಟ್ಯಾಗ ಸಂಕಟ ಆಗ್ತೈತಿ.

ನಾವು ಸಿಂಧನೂರು ಗಂಗಾವತಿ ಕಾರಟಗಿ ಮಂದಿ ಇಂಥಾ ಮಾತು ಆಡಬಾರ್ದು. ತುಂಗಭದ್ರಾ ಡ್ಯಾಮ್ ಆಗಿ ಎಡದಂಡೆ ಕಾಲುವಿಗೆ ನೀರು ಬಂದ ಮ್ಯಾಲ ಆಂಧ್ರದ ಕಡಿಯಿಂದ ರೈತ್ರು ಬಂದು ಕ್ಯಾಂಪ್ ಕಟ್ಕೊಂಡ್ರು, ಇವತ್ತು ಕ್ಯಾಂಪಿನ ಹುಡುಗ್ರು ನಮ್ಮ ಜೊತಿಗೆ ಕನ್ನಡ ಸಾಲಿ ಓದ್ಯಾರ. ಇಲ್ಲೇ ಸಿಂಧನೂರು ತಾಲೂಕಿನ ಆರ್‌ಎಚ್ ಕ್ಯಾಂಪಿನ್ಯಾಗ ಪೂರ್ವ ಪಾಕಿಸ್ತಾನದಿಂದ ಎಲ್ಲಾ ಬಿಟ್ಟು ಬಂದ ಬಂಗಾಲಿ ಕುಟುಂಬಗಳಿಗೆ ಸರ್ಕಾರ ಜಮೀನು ಕೊಟ್ಟು ನೆಲೆ ಮಾಡಿಕೊಡ್ತು, ಆದ್ರ ಅದರಾಗ ಎಷ್ಟೋ ಮಂದಿಗೆ ಪೌರತ್ವದ ಕಾಗದ ಸಿಗಾಕ ಜೀವಮಾನ ಹಿಡೀತು, ಕೆಲವರಿಗೆ 2024ರಾಗ ಸಿಎಎ ಕೆಳಗ ಸಿಕ್ತು. ಆ ಸಿಎಎ ಮಸೂದಿ ಮೊದಲ ಸಲ 2016ರಾಗ ಬಂದಾಗ ನಮ್ಮ ಪಾರ್ಲಿಮೆಂಟಿನ ಜಂಟಿ ಸಮಿತಿ ಅದನ್ನ ನೋಡಿತ್ತು, 2019ರ ಜನವರಿದಾಗ ವರದಿ ಕೊಡ್ತು. ಒಬ್ರು ಕೋಟಿ ಮಂದಿ ಬರ್ತಾರ ಅಂತಾರ, ಇನ್ನೊಬ್ರು ಇನ್ನೇನೋ ಅಂತಾರ, ಆ ಸಮಿತಿ ಕೇಳಿದಾಗ ಇಂಟೆಲಿಜೆನ್ಸ್ ಬ್ಯೂರೋದವ್ರು ತಕ್ಷಣ ಲಾಭ ಆಗೋದು 31,313 ಮಂದಿಗೆ ಅಂತ ಹೇಳಿದ್ರು, ಉಳಿದ ಆಕ್ಷೇಪಣೆನೂ ಅದ ವರದಿಯಾಗ ದಾಖಲಾದ್ವು. ನೀವು ಆ ಕಾಯ್ದೆ ಪರ ಇರ್ರಿ, ವಿರೋಧ ಇರ್ರಿ, ಕೇಳದಿದ್ರ ಆ ನಂಬರು ಹೊರಗ ಬರ್ತಿತ್ತೇನು?

ಕೇಳಗೊಡದಿದ್ರ ಏನಾಗ್ತೈತಿ ಅನ್ನೋದಕ್ಕೂ ಅಲ್ಲೇ ಉದಾಹರಣೆ ಐತಿ. ಬ್ರಿಟಿಷ್ ಸೈನ್ಯದ ಜೊತಿ ಕೆಲಸ ಮಾಡಿ ತಾಲಿಬಾನಿಗೆ ಹೆದರಿ ಅರ್ಜಿ ಹಾಕಿದ ಹತ್ತತ್ರ 19,000 ಅಫ್ಘಾನರ ಹೆಸರು ವಿವರ 2022ರ ಫೆಬ್ರವರಿದಾಗ ಡಿಫೆನ್ಸ್ ಇಲಾಖೆಯಿಂದ ಸೋರಿತು, 2023ರಾಗ ಸರ್ಕಾರಕ್ಕ ಗೊತ್ತಾತು, ಕೋರ್ಟಿಂದ ಸುದ್ದಿಗೆ ತಡೆ ಬಂತು, ಗುಟ್ಟಾಗಿ ಕರ್ಕೊಂಡು ಬರೋ ಯೋಜನಾನೂ ಶುರುವಾತು, 2025ರ ಜುಲೈ 15ರ ತನಕ ಪಾರ್ಲಿಮೆಂಟಿಗೆ ಹೇಳ್ಲಿಲ್ಲ. ಜೀವ ಉಳಸಾಕ ಗುಟ್ಟು ಬೇಕಿತ್ತು ಅನ್ನೋದು ಮೊದ್ಲಿಗೆ ಒಪ್ಪಬಹುದು, ಎರಡು ವರ್ಷ ಹತ್ತಿರ ಬಂದ್ರೂ ಗುಪ್ತ ವಿಚಾರ ನೋಡೋ ಕಮಿಟಿಗೆ ಸೈತ ಹೇಳದ ಇದ್ದದ್ದನ್ನ ನಾ ಒಪ್ಪಂಗಿಲ್ಲ.

ನಾವು ಏನ್ ಮಾಡಬಹುದು? ಮೊದಲನೇದು ವೋಟು. ಭಾರತದ ಪಾಸ್‌ಪೋರ್ಟ್ ಇದ್ರೂ, ವೀಸಾದ ಮ್ಯಾಲ ಇದ್ರೂ, ಕಾಮನ್‌ವೆಲ್ತ್ ದೇಶದವ್ರು ಅಂತ ನಮಗ ಅಲ್ಲಿ ಪಾರ್ಲಿಮೆಂಟ್ ಎಲೆಕ್ಷನ್ನಿಗೆ ವೋಟ್ ಹಾಕೋ ಹಕ್ಕೈತಿ, ಆನ್‌ಲೈನ್ ಹೆಸರು ಹಚ್ಚಿದ್ರ ಸಾಕು. ಎಷ್ಟ ಮಂದಿ ಹಚ್ಚೀರಿ ಹೇಳ್ರಿ ನೋಡೋಣ. ಎಂಪಿಗಳು ತಮ್ಮ ಕ್ಷೇತ್ರದ ಮಂದಿನ್ನ ಭೇಟಿ ಆಗಾಕ ಸರ್ಜರಿ ಅಂತ ಇಡ್ತಾರ, ಅಪಾಯಿಂಟ್‌ಮೆಂಟ್ ತಗೊಂಡು ಮಕ್ಕಳನ್ನ ಕರ್ಕೊಂಡ ಹೋಗ್ರಿ. ಸಹಿ ಒಂದು ಲಕ್ಷ ದಾಟಿದ ಪಿಟಿಷನ್ ಚರ್ಚೆಗೆ ತಗೋತಾರ, 2025ರ ಸೆಪ್ಟೆಂಬರ್ 8ಕ್ಕ ಹಂಗ ಎರಡು ಚರ್ಚೆಗೆ ಬಂದ್ವು, ಒಂದು ನಮ್ಮಂಥಾ ಸ್ಕಿಲ್ಡ್ ವರ್ಕರಂದು, ಒಂದು ಹಾಂಗ್‌ಕಾಂಗಿನವ್ರದು. ನವೆಂಬರಿನ ಪ್ರಸ್ತಾವದಾಗ ಹಾಂಗ್‌ಕಾಂಗಿನವ್ರಿಗೆ ಐದ ವರ್ಷ ಉಳೀತು. ಅದೊಂದರಿಂದನ ಆತು ಅನ್ನಂಗಿಲ್ಲ, ಆದ್ರ ಅವರು ಎಂಪಿಗಳ ಬೆನ್ನು ಬಿಡ್ಲಿಲ್ಲ. ಕಮಿಟಿಗಳು ವಿಚಾರಣೆ ಶುರು ಮಾಡಿದಾಗ ಯಾರು ಬೇಕಾದ್ರೂ ಎವಿಡೆನ್ಸ್ ಬರದು ಕಳಸಬಹುದು, ಪೌರತ್ವ ಬೇಕಾಗಿಲ್ಲ, ವಕೀಲರೂ ಬೇಕಾಗಿಲ್ಲ.

ಬರಿಯೋ ಮುಂದ ಇನ್ನೊಬ್ರ ಕಾಗದ ಕಾಪಿ ಹೊಡೀಬ್ಯಾಡ್ರಿ, ಒಂದ ನಮೂನಿ ನೂರು ಪತ್ರ ಹೋದ್ರ ಆಫೀಸಿನವ್ರು ಒಂದ ಉತ್ರ ಕೊಟ್ಟು ಕೈ ತೊಳ್ಕೋತಾರ. ನಿಮ್ಮ ಮಗು ಯಾವ ಕ್ಲಾಸು, ರೂಲು ಬದಲಾದ್ರ ಯಾವ ವರ್ಷ ಏನ್ ತಪ್ತೈತಿ, ಅಷ್ಟ ಬರೀರಿ. ಅಡ್ರೆಸ್ಸು ಪೋಸ್ಟ್‌ಕೋಡ್ ಹಾಕ್ರಿ, ತಮ್ಮ ಕ್ಷೇತ್ರದವ್ರಿಗೆ ಅಷ್ಟ ಎಂಪಿಗಳು ಉತ್ರ ಕೊಡ್ತಾರ. ಇಂಗ್ಲಿಷಿನ್ಯಾಗ ಬರಿಯಾಕ ಅಂಜಿಕಿ ಇದ್ದವ್ರು ಕನ್ನಡದಾಗನ ಬರದು ನನಗ ಬ್ಯಾರೆ ಮೆಸೇಜ್ ಹಾಕ್ರಿ, ನಮ್ಮನಿಯವ್ರೂ ನಾನೂ ಕುಂತು ಇಂಗ್ಲಿಷ್ ಮಾಡಿಕೊಡ್ತೀವಿ, ಪಾಸ್‌ಪೋರ್ಟ್ ನಂಬರು ವೀಸಾ ನಂಬರು ಕಳಸಬ್ಯಾಡ್ರಿ. ಸ್ಪಾನ್ಸರ್ ಕಂಪನಿ ತ್ರಾಸ ಕೊಡಾಕತ್ತಿದ್ರ ಗುಂಪಿನ್ಯಾಗ ಹೆಸರು ಹಾಕದ ನನಗ ಹೇಳ್ರಿ, 60 ದಿನದ ನೋಟಿಸ್ ಬಂದಿದ್ರ ಇವತ್ತ ಹೇಳ್ರಿ. ತಮ್ಮಾ, ನಿನ್ನ ಪತ್ರ ಮೊದ್ಲು ಮಾಡೋಣ, ಮಗಳು ತಾನೂ ಒಂದು ಪುಟ ಬರೀಲಿ, ಐತವಾರ ಫೋನ್ ಮಾಡು.